ಮನೆಗೆ ಬರುವ ನೀರಿನ ಪೈಪು ಸೀಸದ್ದೇ? ಹೀಗೆ ನೋಡಿದೆ

ಶಿಕಾಗೊದಲ್ಲಿ ನಾವು ಕೊಂಡ ಮನೆ ತುಂಬಾ ಹಳೆಯದು. ಮಗಳಿಗೆ ರಾಗಿ ಸರಿ ಶುರು ಮಾಡಿದಾಗ ನೀರಿನ ಬಗ್ಗೆ ಭಯ ಹತ್ತಿತು. ಈ ಊರಲ್ಲಿ 1986ರವರೆಗೂ ಬೀದಿಯಿಂದ ಚಿಕ್ಕ ಮನೆಗಳಿಗೆ ಸೀಸದ ಪೈಪನ್ನೇ ಹಾಕಬೇಕೆಂಬ ನಿಯಮವಿತ್ತು.

ಟಾರ್ಚ್ ಹಿಡಿದು ನೆಲಮಾಳಿಗೆಗೆ ಇಳಿದೆ. ಗೋಡೆಯಿಂದ ಒಳಬರುವ ಪೈಪು ಮಂಕು ಬೂದು ಬಣ್ಣ, ಜೋಡಣೆಯ ಹತ್ತಿರ ಈರುಳ್ಳಿ ಗಡ್ಡೆಯಂತೆ ಉಬ್ಬು. ಫ್ರಿಜ್ಜಿನ ಮ್ಯಾಗ್ನೆಟ್ ತಂದು ಹಿಡಿದೆ, ಅಂಟಲಿಲ್ಲ. ಅಂದರೆ ಕಬ್ಬಿಣವಲ್ಲ. ನಾಣ್ಯದಿಂದ ಮೆಲ್ಲಗೆ ಗೀರಿದೆ. ಸುಲಭವಾಗಿ ಗೀರು ಬಿತ್ತು, ಒಳಗೆ ಬೆಳ್ಳಿಯ ಹೊಳಪು. ತಾಮ್ರವಾಗಿದ್ದರೆ ಕೆಂಪಗೆ ಕಾಣಬೇಕಿತ್ತು. ಎದೆ ಧಸಕ್ಕೆಂದಿತು.

"ಚೆನ್ನಾಗಿ ಕುದಿಸಿ ಕೊಡೇ" ಅಂದರು ಅಮ್ಮ, ಫೋನಿನಲ್ಲಿ. ಕುದಿಸಿದರೆ ಸೀಸ ಹೋಗುವುದಿಲ್ಲ ಅಮ್ಮಾ, ನೀರು ಇಂಗಿದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ ಎಂದು ತಿಳಿಸಿ ಹೇಳಿದೆ. ಅಂದೇ ಎನ್‌ಎಸ್‌ಎಫ್ 53 ಎಂಬ ಫಿಲ್ಟರ್ ಗುಣಮಟ್ಟದ ಗುರುತಿದ್ದು, ಸೀಸ ತೆಗೆಯುತ್ತದೆಂದು ಪೆಟ್ಟಿಗೆಯ ಮೇಲೆ ಬರೆದಿದ್ದ ಫಿಲ್ಟರ್ ತಂದೆ. ಅಡುಗೆಗೆ ನಲ್ಲಿಯ ಬಿಸಿನೀರು ಬಳಸುವುದನ್ನು ಪೂರ್ತಿ ನಿಲ್ಲಿಸಿದೆ. ಬಿಸಿನೀರಿಗೆ ಸೀಸ ಹೆಚ್ಚು ಕರಗುತ್ತದೆ.

ಪೈಪನ್ನು ಅರ್ಧ ಮಾತ್ರ ಬದಲಿಸಿದರೆ ಅಲುಗಾಟಕ್ಕೆ ಇನ್ನಷ್ಟು ಸೀಸ ಉದುರಬಹುದು. ಹಾಗಾಗಿ ಬೀದಿಯವರೆಗೂ ಅಗೆಸಿ ತಾಮ್ರ ಹಾಕಿಸಿದೆವು.