3.5ರ ಹತ್ತಿರ ಎದ್ದ ಗೂಟ

ಹಾಲು ಒಕ್ಕೂಟವೊಂದಕ್ಕೆ ಡ್ಯಾಶ್‌ಬೋರ್ಡ್ ಮಾಡಿಕೊಡುವ ಕೆಲಸ ಸಿಕ್ಕಾಗ ನಾನು ಮೊದಲು ಹಾಕಿದ್ದು ಒಂದು ದೊಡ್ಡ ಅಂಕಿ. ಪರದೆಯ ಎಡಮೂಲೆಯಲ್ಲಿ, ಅಂಗೈಯಗಲ: ಇಂದಿನ ಸರಾಸರಿ ಫ್ಯಾಟ್ 4.1. ಪಕ್ಕದಲ್ಲೊಂದು ಹಸಿರು ಬಾಣ. ನೋಡಲು ಚೆಂದವಿತ್ತು, ಬಿಲ್ಲೂ ಪಾಸಾಯಿತು. ಮೂರು ವಾರ ಕಳೆದ ಮೇಲೆ ಶೇಖರಣಾ ವಿಭಾಗದ ಮ್ಯಾನೇಜರ್ ಫೋನ್ ಮಾಡಿದರು. “ಏನ್ರೀ, ನಿಮ್ಮ ಬೋರ್ಡಲ್ಲಿ 4.1 ಅಂತಿದೆ. ಟ್ಯಾಂಕರ್ ಬಂದ್ಮೇಲೆ ಇಲ್ಲಿ ಲ್ಯಾಬಲ್ಲಿ ನೋಡಿದ್ರೆ 3.8 ದಾಟಲ್ಲ. ಮಧ್ಯದಲ್ಲಿ ಬೆಣ್ಣೆ ಯಾರು ತಿಂದ್ರು?”

ಆ ಪ್ರಶ್ನೆಯನ್ನು ಸರಾಸರಿಯ ಮುಂದೆ ಇಟ್ಟುಕೊಂಡು ಕೂತರೆ ಏನೂ ಹೊರಡುವುದಿಲ್ಲ. ಹಾಗಾಗಿ ಕಚ್ಚಾ ಸಾಲುಗಳಿಗೆ ಇಳಿದೆ. ಹಳ್ಳಿಯ ಸಂಘಗಳಿಂದ ದಿನಕ್ಕೆ ಎರಡು ಹೊತ್ತು ಬರುವ ಡೇಟಾ ಅದು. ಡೇರಿಗೆ ಹಾಲು ಹಾಕಿದ ಒಬ್ಬೊಬ್ಬರಿಗೂ ಒಂದೊಂದು ಸಾಲು: ಸದಸ್ಯರ ನಂಬರು, ಹಸುವೋ ಎಮ್ಮೆಯೋ, ಎಷ್ಟು ಲೀಟರು, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ), ಅಳತೆ ಯಂತ್ರದಿಂದ ನೇರ ಬಂದದ್ದೋ ಕೈಯಲ್ಲಿ ಒತ್ತಿದ್ದೋ. ಅದರಲ್ಲಿ ಫ್ಯಾಟಿನ ಕಾಲಂ ಒಂದನ್ನೇ ತೆಗೆದು ಹಿಸ್ಟೋಗ್ರಾಂ ಹಾಕಿದೆ. ಅಂದರೆ ಅಂಕಿಗಳನ್ನು ಖಾನೆಗಳಾಗಿ ವಿಂಗಡಿಸಿ, ಒಂದೊಂದು ಖಾನೆಗೆ ಎಷ್ಟು ಸಾಲು ಬಿದ್ದವೋ ಅಷ್ಟು ಎತ್ತರದ ಕಂಬ ನಿಲ್ಲಿಸುವ ಚಾರ್ಟು.

ಬಂದದ್ದು ಒಂದು ದೊಡ್ಡ ಕಂಬ, ಪಕ್ಕದಲ್ಲೊಂದು ಅದರ ಅರ್ಧದಷ್ಟು ಎತ್ತರದ್ದು. ಉಳಿದದ್ದೆಲ್ಲ ಬಯಲು. ನಾನು ಬಳಸಿದ ನಂಪೈ (ಪೈಥಾನ್ ಭಾಷೆಯ ಲೆಕ್ಕದ ಲೈಬ್ರರಿ) ಏನೂ ಹೇಳದಿದ್ದರೆ ತಾನೇ ಹತ್ತು ಖಾನೆ ಮಾಡಿಕೊಳ್ಳುತ್ತದೆ. ಅತಿ ಕಡಿಮೆ ಅಂಕಿಯಿಂದ ಅತಿ ಹೆಚ್ಚಿನ ಅಂಕಿಯವರೆಗೆ ಸಮನಾಗಿ ಹಂಚುತ್ತದೆ. ಅತಿ ಹೆಚ್ಚಿನ ಅಂಕಿ 41 ಇತ್ತು. ನಲವತ್ತೊಂದು ಪರ್ಸೆಂಟ್ ಫ್ಯಾಟು! ಯಾರೋ 4.1 ಒತ್ತುವಾಗ ಚುಕ್ಕೆ ಬಿಟ್ಟಿದ್ದರು. ಹಾಗಾಗಿ ಒಂದೊಂದು ಖಾನೆಯೂ ನಾಲ್ಕು ಪರ್ಸೆಂಟಿನಷ್ಟು ಅಗಲವಾಗಿ, ಇಡೀ ಒಕ್ಕೂಟದ ಹಾಲು ಮೊದಲೆರಡು ಖಾನೆಯಲ್ಲಿ ತುಂಬಿಕೊಂಡಿತ್ತು.

ಇಂಥ ಸಾಲುಗಳನ್ನು ಅಳಿಸಿಬಿಡುವ ಆಸೆ ಎಲ್ಲರಿಗೂ ಆಗುತ್ತದೆ. ನಾನು ಅಳಿಸಲಿಲ್ಲ. ಡೇಟಾ ಇಟ್ಟಿದ್ದ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ವಿಡ್ತ್ ಬಕೆಟ್ ಎಂಬ ಫಂಕ್ಷನ್ ಇದೆ. ಕೆಳಮಿತಿ, ಮೇಲ್ಮಿತಿ, ಖಾನೆಗಳ ಸಂಖ್ಯೆ ಕೊಟ್ಟರೆ ಪ್ರತಿ ಸಾಲಿಗೂ ಖಾನೆಯ ನಂಬರು ಹೇಳುತ್ತದೆ. ಮಿತಿಗಿಂತ ಕೆಳಗಿದ್ದದ್ದಕ್ಕೆ 0, ಮೇಲಿದ್ದದ್ದಕ್ಕೆ ಕೊನೆಯ ಖಾನೆಗಿಂತ ಒಂದು ಹೆಚ್ಚು. ಆ ಎರಡು ಹೆಚ್ಚುವರಿ ಖಾನೆಗಳನ್ನು ಚಾರ್ಟಿನ ಎರಡು ತುದಿಯಲ್ಲಿ ಬೂದು ಬಣ್ಣದಲ್ಲಿ ನಿಲ್ಲಿಸಿ, ಮೇಲೆ ಎಣಿಕೆ ಬರೆದೆ. ಎಷ್ಟು ಚುಕ್ಕೆ ಕಳೆದುಹೋಗಿವೆ ಅಂತ ಒಕ್ಕೂಟದವರಿಗೂ ಗೊತ್ತಾಗಲಿ.

ಮಿತಿ ಸರಿಯಾದ ಕೂಡಲೇ ಎರಡು ಗುಡ್ಡ ಕಾಣಿಸಿದವು. ಎಡಕ್ಕೆ ಹಸುವಿನ ದೊಡ್ಡ ಗುಡ್ಡ, 3.5ರಿಂದ 4ರ ಆಸುಪಾಸು. ಈ ಕಡೆ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಯೇ ಜಾಸ್ತಿ. ಬಲಕ್ಕೆ 7ರ ಹತ್ತಿರ ಎಮ್ಮೆಯ ಸಣ್ಣ ದಿಬ್ಬ. ನನ್ನ 4.1 ಹಸುವಿನ ಗುಡ್ಡದ ಬಲ ಇಳಿಜಾರಿನಲ್ಲಿ ನಿಂತಿತ್ತು, ಎಮ್ಮೆಗಳು ಎಳೆದು ತಂದು ನಿಲ್ಲಿಸಿದ ಜಾಗದಲ್ಲಿ. ಎರಡು ಲೀಟರ್ ಎಮ್ಮೆ ಹಾಲೂ ಒಂದು ಸಾಲು, ಹದಿನೈದು ಲೀಟರ್ ಹಸುವಿನ ಹಾಲೂ ಒಂದು ಸಾಲು. ನಾನು ಸಾಲುಗಳ ಸರಾಸರಿ ತೆಗೆದಿದ್ದೆ. ಟ್ಯಾಂಕರಿಗೆ ಸಾಲು ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಲೀಟರು. ಎಣಿಕೆಯ ಬದಲು ಪ್ರತಿ ಖಾನೆಯಲ್ಲಿ ಲೀಟರುಗಳನ್ನು ಕೂಡಿಸಿ ಇನ್ನೊಂದು ಹಿಸ್ಟೋಗ್ರಾಂ ಹಾಕಿದೆ. ಎಮ್ಮೆಯ ದಿಬ್ಬ ಕುಗ್ಗಿ ಹೋಯಿತು, ಸರಾಸರಿ 3.9ಕ್ಕೆ ಇಳಿಯಿತು. ಅಂದರೆ ಬೆಣ್ಣೆಯ ಬಹುಪಾಲು ತಿಂದವನು ನಾನೇ. ಮ್ಯಾನೇಜರಿಗೆ ಫೋನ್ ಮಾಡಿ ಒಪ್ಪಿಕೊಂಡೆ. ಅವರು ನಕ್ಕು, “ಉಳಿದ ಒಂದು ಪಾಯಿಂಟು?” ಅಂದರು.

ಆ ಒಂದು ಪಾಯಿಂಟು ಹುಡುಕುವ ಮೊದಲು ಇನ್ನೊಂದು ಅಡ್ಡಿ. ವಿಸ್ತರಣಾಧಿಕಾರಿಗಳ ಸಭೆಯಲ್ಲಿ ಚಾರ್ಟ್ ತೋರಿಸಿದೆ. ಒಬ್ಬರು ಎದ್ದು, “ಆ ಎತ್ತರದ್ದು ಯಾವ ಸಂಘ ಸಾರ್?” ಅಂತ ಕೇಳಿದರು. ಇನ್ನೊಬ್ಬರು ಹೆಸರು ಕೇಳಿಯೇ ಹಿಂದಿನ ವರ್ಷಗಳ ಹಿಸ್ಟರಿ ಅಂದುಕೊಂಡಿದ್ದರು. ತಪ್ಪು ಅವರದಲ್ಲ. ವರ್ಷಗಟ್ಟಲೆ ನೋಡಿದ್ದೆಲ್ಲ ಸಂಘವಾರು, ತಿಂಗಳುವಾರು ಕಂಬಗಳು. ಅಡ್ಡಗೆರೆಯ ಮೇಲೆ ಫ್ಯಾಟೇ ಕೂತಿರುತ್ತದೆ ಅಂತ ಯಾರು ಎಣಿಸುತ್ತಾರೆ? ಮರುದಿನ ಒಂದು ಡಬ್ಬಿ ಹುಣಸೆ ಬೀಜ ತೆಗೆದುಕೊಂಡು ಹೋದೆ. ಮೇಜಿನ ಅಂಚಿಗೆ ಸೀಮೆಸುಣ್ಣದಲ್ಲಿ 3.0, 3.1, 3.2 ಅಂತ ಮನೆ ಬರೆದು, ಬೆಳಗಿನ ರಿಜಿಸ್ಟರನ್ನು ಓದಲು ಒಬ್ಬರಿಗೆ ಕೊಟ್ಟೆ. ಒಬ್ಬ ರೈತನಿಗೆ ಒಂದು ಬೀಜ, ಅವನ ಫ್ಯಾಟಿನ ಮನೆಯಲ್ಲಿ ಮೇಲಕ್ಕೆ ಜೋಡಿಸುತ್ತಾ ಹೋಗಿ ಅಂದೆ. ಅರುವತ್ತು ಬೀಜ ಆಗುವಷ್ಟರಲ್ಲಿ ಯಾರಿಗೂ ವಿವರಣೆ ಬೇಕಾಗಿರಲಿಲ್ಲ. ಆಮೇಲೆ ಡ್ಯಾಶ್‌ಬೋರ್ಡಿನ ಶೀರ್ಷಿಕೆಯನ್ನೂ ಬದಲಿಸಿದೆ. “ಫ್ಯಾಟ್ ವಿತರಣೆ” ಅಂತಿದ್ದದ್ದು “ಯಾವ ಫ್ಯಾಟಿನ ಹಾಲು ಎಷ್ಟು ಜನ ಹಾಕಿದರು” ಅಂತಾಯಿತು. ಉದ್ದವಾಯಿತು ನಿಜ.

ಇನ್ನು ಖಾನೆಯ ಅಗಲ. ಹೆಚ್ಚು ಕಾಲ ಹೋದದ್ದು ಇದರಲ್ಲೇ, ಕಲಿತದ್ದೂ ಇದರಲ್ಲೇ.

ಒಂದು ಬಿಎಂಸಿಗೆ (ಹಲವು ಸಂಘಗಳ ಹಾಲನ್ನು ಒಟ್ಟಿಗೆ ತಣ್ಣಗಿಡುವ ಕೇಂದ್ರಕ್ಕೆ) ಸೇರಿದ ಸಂಘಗಳ ಹಸುವಿನ ಹಾಲಿನ ಸುಮಾರು 8000 ಸಾಲು ತೆಗೆದುಕೊಂಡೆ. ಫ್ಯಾಟ್ 3.0ರಿಂದ 5.1ರವರೆಗೆ. ಎಷ್ಟು ಖಾನೆ ಮಾಡಬೇಕು ಅನ್ನುವುದಕ್ಕೆ ಹರ್ಬರ್ಟ್ ಸ್ಟರ್ಜಸ್ 1926ರಲ್ಲಿ ಕೊಟ್ಟ ಸೂತ್ರ ಈಗಲೂ ಬಹಳ ಸಾಫ್ಟ್‌ವೇರುಗಳಲ್ಲಿದೆ: ಸಾಲುಗಳ ಸಂಖ್ಯೆ ಎರಡರ ಎಷ್ಟನೇ ಘಾತವೋ ಅದಕ್ಕೆ ಒಂದು ಸೇರಿಸು. 8000 ಎಂದರೆ ಎರಡರ ಹದಿಮೂರನೇ ಘಾತದ ಹತ್ತಿರ, ಒಟ್ಟು 14 ಖಾನೆ. 2.1ನ್ನು 14ರಿಂದ ಭಾಗಿಸಿದರೆ ಒಂದೊಂದರ ಅಗಲ 0.15. ಹಾಕಿದೆ. ಚಾರ್ಟ್ ನೋಡಿ ಪಕ್ಕದ ಮೇಜಿನ ಹುಡುಗಿ, “ಇದೇನಣ್ಣ, ಬಾಚಣಿಗೆ ಇದ್ದಂಗಿದೆ!” ಅಂದಳು. ಒಂದು ಉದ್ದ, ಒಂದು ಗಿಡ್ಡ, ಒಂದು ಉದ್ದ, ಒಂದು ಗಿಡ್ಡ.

ಕಾರಣ ಹಾಲಿನಲ್ಲಿಲ್ಲ. ಯಂತ್ರ ಬರೆಯುವುದು ಒಂದೇ ದಶಾಂಶ ಸ್ಥಾನ: 3.0, 3.1, 3.2. ಅಗಲ 0.15 ಆದಾಗ 3.00ರಿಂದ 3.15ರ ಖಾನೆಗೆ 3.0, 3.1 ಎರಡೂ ಬೀಳುತ್ತವೆ. ಮುಂದಿನದಕ್ಕೆ 3.2 ಒಂದೇ. ಅದರ ಮುಂದಿನದಕ್ಕೆ 3.3, 3.4. ಆಮೇಲೆ 3.5 ಒಂದೇ. ಇಬ್ಬರು ಕೂತ ಬೆಂಚು, ಒಬ್ಬ ಕೂತ ಬೆಂಚು. ಬಾಚಣಿಗೆಯನ್ನು ನಾನೇ ಕೊರೆದಿದ್ದೆ. ಆಗ ಕಣ್ಣಿಗೆ ಬೀಳದೇ ಹೋದದ್ದು ಏನೆಂದರೆ, 3.5 ಒಬ್ಬಂಟಿ ಬೆಂಚಿನಲ್ಲಿದ್ದರೂ ಅದರ ಹಲ್ಲು ಗಿಡ್ಡ ಇರಲಿಲ್ಲ, ಅಕ್ಕಪಕ್ಕದವರ ಸಮಕ್ಕೇ ಇತ್ತು. ಬಾಚಣಿಗೆಯ ಗದ್ದಲದಲ್ಲಿ ಮುಖ್ಯ ಸುದ್ದಿ ಮುಚ್ಚಿಹೋಯಿತು.

ಸ್ಟರ್ಜಸ್ ಸೂತ್ರ ಹಳೆಯದು, ಹೊಸದು ನೋಡೋಣ ಅಂತ 1981ರ ಫ್ರೀಡ್ಮನ್–ಡಯಾಕೋನಿಸ್ ಸೂತ್ರಕ್ಕೆ ಹೋದೆ. ಡೇಟಾದ ನಡುವಿನ ಅರ್ಧಭಾಗ ಎಷ್ಟು ಅಗಲ ಹರಡಿದೆ ನೋಡಿ, ಅದನ್ನು ಎರಡರಿಂದ ಗುಣಿಸಿ, ಸಾಲುಗಳ ಸಂಖ್ಯೆಯ ಘನಮೂಲದಿಂದ ಭಾಗಿಸಬೇಕು. ನನ್ನ ನಡುಭಾಗ 0.6, 8000ದ ಘನಮೂಲ 20. ಬಂದ ಅಗಲ 0.06. ಯಂತ್ರದ ಒಂದು ಹೆಜ್ಜೆಗಿಂತಲೂ ಕಿರಿದು! ನಡುನಡುವೆ ಖಾನೆಗಳು ಪೂರ್ತಿ ಖಾಲಿ, ಹಲ್ಲು ಬಿದ್ದ ಬಾಯಿಯ ಹಾಗೆ. ಎರಡೂ ಸೂತ್ರ ತಮ್ಮ ಜಾಗದಲ್ಲಿ ಸರಿಯೇ. ಅಳತೆ ಎಷ್ಟು ಸಣ್ಣದಾಗಿ ಬೇಕಾದರೂ ಸಿಗುತ್ತದೆ ಅಂದುಕೊಂಡು ಅವು ಹೊರಡುತ್ತವೆ. ಹಳ್ಳಿಯ ಡೇರಿಯ ಯಂತ್ರಕ್ಕೆ ಆ ಐಷಾರಾಮ ಇಲ್ಲ. ಅಂದಿನಿಂದ ನನ್ನ ರೂಢಿ ಇದು: ಮೊದಲು ಅಳತೆಯ ಹೆಜ್ಜೆ ಎಷ್ಟು ಕೇಳು, ಖಾನೆಯ ಅಗಲ ಅದರ ಪೂರ್ಣ ಗುಣಕವೇ ಆಗಿರಲಿ. ಇಲ್ಲಿ 0.1.

0.1 ಇಟ್ಟೆ. ಈ ಸಲ ಬ್ರೌಸರಿನಲ್ಲೇ ಖಾನೆ ಮಾಡುವ ನಾಲ್ಕು ಸಾಲಿನ ಜಾವಾಸ್ಕ್ರಿಪ್ಟ್ ಬರೆದಿದ್ದೆ: ಫ್ಯಾಟಿನಿಂದ 3 ಕಳೆ, 0.1ರಿಂದ ಭಾಗಿಸು, ದಶಾಂಶ ಬಿಡು. ಚಾರ್ಟ್ ಬಂತು. 3.4ರ ಜಾಗ ಸೊನ್ನೆ, ಪಕ್ಕದಲ್ಲಿ 3.5 ಗೂಟದ ಹಾಗೆ ನೆಟ್ಟಗೆ.

ಮೈ ಜುಂ ಎಂದಿತು. ಆ ಒಕ್ಕೂಟದಲ್ಲಿ ಹಸುವಿನ ಹಾಲು 3.5ಕ್ಕಿಂತ ಕೆಳಗೆ ಬಂದರೆ ದರ ಇಳಿಯುತ್ತಿತ್ತು. ಇಡೀ ಬಿಎಂಸಿಯಲ್ಲಿ ಒಬ್ಬರಿಗೂ 3.4 ಬರುವುದಿಲ್ಲವೆಂದರೆ ಎಲ್ಲ ಸಂಘದವರೂ ಸೇರಿ ತಿದ್ದುತ್ತಿದ್ದಾರೆ ಅಂತಲೇ ಅರ್ಥ. ಮ್ಯಾನೇಜರಿಗೆ ಇಮೇಲ್ ಅರ್ಧ ಬರೆದೂ ಆಗಿತ್ತು. ಕಳಿಸುವ ಮೊದಲು ಒಂದು ಸಂಘದ ರಿಜಿಸ್ಟರ್ ತೆರೆದು ಬೆರಳಿಟ್ಟು ಎಣಿಸಿದೆ. ಮೊದಲ ಪುಟದಲ್ಲೇ 3.4 ಏಳು ಸಲ ಇತ್ತು.

ಕಂಪ್ಯೂಟರಿಗೆ 3.4 ಅಂದರೆ ಸರಿಯಾಗಿ 3.4 ಅಲ್ಲ, ಕೂದಲೆಳೆಯಷ್ಟು ಕಡಿಮೆ. ಅದರಿಂದ 3 ಕಳೆದರೆ 0.3999999999999999. 0.1ರಿಂದ ಭಾಗಿಸಿ ದಶಾಂಶ ಬಿಟ್ಟರೆ 4ರ ಬದಲು 3. ಹೀಗೆ 3.4ರವರೆಲ್ಲ 3.3ರ ಖಾನೆಗೆ ಹೋಗಿ ಕೂತಿದ್ದರು, 3.3ರವರು ಅದೇ ರೀತಿ 3.2ಕ್ಕೆ. 3.5 ಮಾತ್ರ ಎರಡರ ಲೆಕ್ಕದಲ್ಲಿ ಕರಾರುವಾಕ್ಕಾಗಿ ಕೂರುವ ಸಂಖ್ಯೆ, ಅದು ಅಲ್ಲಾಡಲಿಲ್ಲ. ದರದ ಗೆರೆಯ ಹಿಂದೆಯೇ ಒಂದು ಕಂದಕ, ಪೂರ್ತಿ ನನ್ನ ಕೋಡಿನ ಸೃಷ್ಟಿ. ಆ ಇಮೇಲ್ ಹೋಗಿದ್ದರೆ ಎಷ್ಟು ಹಳ್ಳಿಗಳಲ್ಲಿ ಎಷ್ಟು ಜನ ಕಾರ್ಯದರ್ಶಿಗಳು ಕೈಕಟ್ಟಿ ನಿಲ್ಲಬೇಕಾಗಿತ್ತೋ, ನೆನೆದರೆ ಈಗಲೂ ಬೆವರುತ್ತೇನೆ.

ಪರಿಹಾರ ಸುಲಭ. ಫ್ಯಾಟನ್ನು ಹತ್ತರಿಂದ ಗುಣಿಸಿ, ರೌಂಡ್ ಮಾಡಿ, 34, 35 ಎಂಬ ಪೂರ್ಣಾಂಕಗಳಾಗಿ ಇಟ್ಟುಕೊಂಡೆ. ಖಾನೆಯ ಅಂಚುಗಳನ್ನೂ ಅರ್ಧ ಹೆಜ್ಜೆ ಸರಿಸಿದೆ: 3.45ರಿಂದ 3.55, 3.55ರಿಂದ 3.65. ಯಾವ ಅಳತೆಯೂ ಅಂಚಿನ ಮೇಲೆ ಬೀಳದ ಹಾಗೆ. ಇದರಿಂದ ಇನ್ನೊಂದು ಜಗಳವೂ ತಪ್ಪಿತು. ಮ್ಯಾನೇಜರ್ ಅದೇ ಡೇಟಾವನ್ನು ಎಕ್ಸೆಲ್‌ನಲ್ಲಿ ಹಾಕಿ “ನಿಮ್ಮದಕ್ಕೂ ನಮ್ಮದಕ್ಕೂ ಒಂದು ಮನೆ ವ್ಯತ್ಯಾಸ” ಅನ್ನುತ್ತಿದ್ದರು. ಎಕ್ಸೆಲ್ ಅಂಚಿನ ಮೇಲೆ ಬಿದ್ದ ಅಂಕಿಯನ್ನು ಎಡಗಡೆ ಖಾನೆಗೆ ಸೇರಿಸುತ್ತದೆ, ನಂಪೈ ಬಲಗಡೆಗೆ. ಅವರ ಚಾರ್ಟಿನಲ್ಲಿ 3.5ರ ರೈತರೆಲ್ಲ 3.4–3.5 ಎಂಬ ಖಾನೆಯಲ್ಲಿ, ಅಂದರೆ ಗೆರೆಯ ಕೆಳಗೆ ನಿಂತಿದ್ದರು!

ಎಲ್ಲ ಸರಿಮಾಡಿದ ಮೇಲೂ ಗೂಟ ಹೋಗಲಿಲ್ಲ. ಈಗ 3.4 ಸೊನ್ನೆಯಲ್ಲ, ಆದರೆ ಇರಬೇಕಾದ್ದಕ್ಕಿಂತ ಗಿಡ್ಡ. 3.5 ಅಕ್ಕಪಕ್ಕದವರ ಭುಜ ದಾಟಿ ನಿಂತಿತ್ತು. ಪ್ರತಿ ಕಂಬವನ್ನೂ ಎರಡು ಬಣ್ಣದಲ್ಲಿ ಒಡೆದೆ: ಯಂತ್ರದಿಂದ ನೇರ ಬಂದದ್ದು ನೀಲಿ, ಕೈಯಲ್ಲಿ ಒತ್ತಿದ್ದು ಕಿತ್ತಳೆ. ನೀಲಿ ಭಾಗ ನುಣ್ಣಗೆ ಗುಡ್ಡದ ಹಾಗಿತ್ತು. ಹೆಚ್ಚುವರಿ ಎತ್ತರವೆಲ್ಲ ಕಿತ್ತಳೆ.

ಕಿತ್ತಳೆ ಅತಿ ಹೆಚ್ಚಿದ್ದ ಒಂದು ಸಂಘಕ್ಕೆ ವಿಸ್ತರಣಾಧಿಕಾರಿಯ ಬೈಕಿನ ಹಿಂದೆ ಕೂತು ಬೆಳಿಗ್ಗೆ ಆರಕ್ಕೆ ಹೋದೆ. ಸಾಲಿನಲ್ಲಿ ಸ್ಟೀಲ್ ಕ್ಯಾನುಗಳು. ಒಬ್ಬ ಅಜ್ಜಿ ಎರಡೂವರೆ ಲೀಟರ್ ಹಾಕಿದರು. ಪರೀಕ್ಷಕ ಸ್ಯಾಂಪಲ್ ಕಪ್ಪನ್ನು ಯಂತ್ರದ ನಳಿಕೆಗೆ ಹಿಡಿದ. ಸ್ವಲ್ಪ ಹೊತ್ತು ಗುಂಯ್‌ಗುಟ್ಟಿ ಕೆಂಪು ಅಂಕಿ ಬಂತು, 3.4. ಅವನ ಹೆಬ್ಬೆರಳು ಕೀಲಿಗಳ ಮೇಲೆ ಎರಡು ಸಲ ಆಡಿತು.

“ಏನ್ ಬಂತಪ್ಪ?”

“ಮೂರೂವರೆ ಅಜ್ಜಿ.”

ನಾನು ನೋಡಿದ್ದು ಅವನಿಗೆ ಗೊತ್ತಾಯಿತು. ಸಾಲು ಕರಗಿದ ಮೇಲೆ ಟೀ ತರಿಸಿ ಹೇಳಿದ: “ಸಾರ್, ಒಂದೇ ಹಾಲ ಎರಡ್ ಸಲ ಇಟ್ರೆ ಎರಡ್ ತರ ತೋರುಸ್ತದೆ ಈ ಮಿಷನ್ನು. ಅಷ್ಟಕ್ಕೆ ಅಜ್ಜಿಗೆ ಯಾವ ಮುಖ ಇಟ್ಕಂಡು ದರ ಮುರಿಲಿ?”

ವಿಸ್ತರಣಾಧಿಕಾರಿ ಏನೂ ಅನ್ನದೆ ಹತ್ತು ಸ್ಯಾಂಪಲ್ ಬಾಟಲಿ ತುಂಬಿಸಿಕೊಂಡರು. ಬಿಎಂಸಿಯಲ್ಲಿ ಗರ್ಬರ್ ವಿಧಾನದಲ್ಲಿ ಪರೀಕ್ಷೆ ಆಯಿತು: ಬ್ಯುಟಿರೋಮೀಟರ್ ಎಂಬ ಗಾಜಿನ ಕೊಳವೆಗೆ ಸಲ್ಫ್ಯೂರಿಕ್ ಆಸಿಡ್, ಮೇಲೆ 10.75 ಮಿಲಿ ಹಾಲು, ಅಮೈಲ್ ಆಲ್ಕೊಹಾಲ್, ಆಮೇಲೆ ಸೆಂಟ್ರಿಫ್ಯೂಜು. ಕೊಳವೆಯ ಕತ್ತಿನಲ್ಲಿ ಹೊನ್ನಬಣ್ಣದ ಕೊಬ್ಬಿನ ಕಂಬ ನಿಂತಾಗ ಓದಿ ನೋಡಿದರೆ, ಹತ್ತರಲ್ಲಿ ಎಂಟು ಯಂತ್ರ ಹೇಳಿದ್ದಕ್ಕಿಂತ 0.1 ಮೇಲಿದ್ದವು. ಅಜ್ಜಿಯ ಹಾಲು ನಿಜಕ್ಕೂ ಮೂರೂವರೆಯೇ.

ಇನ್ನೆರಡು ಸಂಘಗಳಲ್ಲಿ ಹೀಗಾಗಲಿಲ್ಲ. ಅಲ್ಲಿ ಯಂತ್ರ ಸರಿಯಿತ್ತು, ಬೆರಳೇ ಉದಾರಿ. ಮ್ಯಾನೇಜರ್ ಕೇಳಿದ ಆ ಒಂದು ಪಾಯಿಂಟಿನಲ್ಲಿ ಒಂದಿಷ್ಟು ಅಲ್ಲಿಂದ ಬಂದದ್ದು. ಚಾರ್ಟಿನಲ್ಲಿ ಮೂರೂ ಸಂಘದ ಗೂಟ ಒಂದೇ ಥರ ಕಾಣುತ್ತದೆ.

ಆದ್ದರಿಂದ ಕಿತ್ತಳೆ ಹೆಚ್ಚಿದ ಸಂಘಕ್ಕೆ ತಾನಾಗಿ ಕೆಂಪು ಗುರುತು ಬೀಳುವ ಹಾಗೆ ಮಾಡಿಕೊಡಿ ಅಂತ ಒಕ್ಕೂಟದವರು ಅಂದಾಗ ನಾನು ಒಪ್ಪಲಿಲ್ಲ. ಬದಲಿಗೆ ಪ್ರತಿ ಸಂಘದ ಹಿಸ್ಟೋಗ್ರಾಂ ಕೆಳಗೆ ಒಂದು ಸಾಲು ಸೇರಿಸಿದೆ: ಯಂತ್ರವನ್ನು ಗರ್ಬರ್ ಜೊತೆ ಕೊನೆಗೆ ತಾಳೆ ನೋಡಿದ ದಿನಾಂಕ. ಇವತ್ತು ಬೆಳಿಗ್ಗೆ ತೆರೆದಾಗಲೂ ಅರ್ಧ ಸಂಘಗಳಲ್ಲಿ ಆ ಜಾಗ ಖಾಲಿ ಇತ್ತು.