ಡೀಸೆಲ್ ಡ್ರಮ್ಮಿಗೆ ಬಣ್ಣ ಬಳಿಯುವವರಿಗೆ

ಜನರೇಟರಿಗೆಂದು ಮನೆಯ ಹಿಂದೆ ಇಟ್ಟ 200 ಲೀಟರ್ ಡ್ರಮ್ಮಿನ ಬಣ್ಣ ವರ್ಷದೊಳಗೆ ಪೊರೆಯೆದ್ದರೆ ಬಣ್ಣವನ್ನು ಬೈಯಬೇಡಿ. ತುಂಬುವಾಗ ಬಾಯಿಂದ ಚೆಲ್ಲಿದ ಡೀಸೆಲ್ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಮೈಯೆಲ್ಲ ಹರಡಿರುತ್ತದೆ, ಅದರ ಮೇಲೆ ಯಾವ ಬಣ್ಣವೂ ಕಚ್ಚುವುದಿಲ್ಲ. ಮುಚ್ಚಳ ಬಿಗಿಮಾಡಿ, ಸೋಪಿನ ಪುಡಿ ಕಲಸಿದ ನೀರಲ್ಲಿ ಚೆನ್ನಾಗಿ ಉಜ್ಜಿ ತೊಳೆಯಿರಿ. ಆಮೇಲೆ ಒಂದು ಚೊಂಬು ನೀರು ಸುರಿದು ನೋಡಿ. ನೀರು ಒಂದೇ ಸಮನೆ ಹರಡಿಕೊಂಡು ಇಳಿದರೆ ಜಿಡ್ಡು ಹೋಗಿದೆ. ಹನಿಹನಿಯಾಗಿ ನಿಂತರೆ ಇನ್ನೊಮ್ಮೆ ಉಜ್ಜಬೇಕು.

ಒಣಗಿದ ಮೇಲೆ ತುಕ್ಕನ್ನು ವೈರ್ ಬ್ರಷ್ಷಿನಿಂದ ಕೈಯಲ್ಲೇ ಕೆರೆದು, 80 ನಂಬರ್ ಎಮರಿ ಕಾಗದ, ನಂತರ 120 ಹಾಕಿ ಉಜ್ಜಿ. ಗ್ರೈಂಡರ್ ಬೇಡವೇ ಬೇಡ, ಕಿಡಿ ಹಾರುತ್ತದೆ. ಡ್ರಮ್ ಖಾಲಿ ಇದೆಯಲ್ಲ ಎಂಬ ಧೈರ್ಯವೂ ಬೇಡ, ಒಳಗೆ ಆವಿ ಉಳಿದಿರುತ್ತದೆ. ತುಕ್ಕು ಕೆರೆದ ಜಾಗದಲ್ಲಿ ಸಂಶಯ ಬಂದರೆ ಸೀಮೆಸುಣ್ಣ ತಿಕ್ಕಿ ಬಿಡಿ. ಸೋರುತ್ತಿದ್ದರೆ ಸ್ವಲ್ಪ ಹೊತ್ತಿನಲ್ಲೇ ಅಲ್ಲಿ ಕಪ್ಪಗೆ ಒದ್ದೆಯಾಗುತ್ತದೆ. ಅಂಥ ಡ್ರಮ್ಮಿಗೆ ಬಣ್ಣ ಬಳಿದು ಪ್ರಯೋಜನವಿಲ್ಲ, ಗಲ್ಲಿಯ ವೆಲ್ಡಿಂಗ್ ಅಂಗಡಿಗೆ ಒಯ್ಯುವುದಂತೂ ಪ್ರಾಣಾಪಾಯ. ಬದಲಾಯಿಸಿ.

ಇಷ್ಟಾದರೆ ಮುಕ್ಕಾಲು ಕೆಲಸ ಮುಗಿದಂತೆ. ಟರ್ಪೆಂಟೈನಿನಲ್ಲಿ ಅದ್ದಿದ ಬಟ್ಟೆಯಿಂದ ಒಮ್ಮೆ ಒರೆಸಿ, ರೆಡ್ ಆಕ್ಸೈಡ್ ಪ್ರೈಮರ್ ಒಂದು ಕೋಟ್ ಕೊಟ್ಟು ರಾತ್ರಿಯಿಡೀ ಬಿಡಿ. ಮೇಲೆ ಎನಾಮಲ್ ಎರಡು ತೆಳು ಕೋಟ್, ನಡುವೆ 24 ಗಂಟೆ. ಈ ಅಳತೆಯ ಡ್ರಮ್ಮಿನ ಮೈ ಸುಮಾರು 2 ಚದರ ಮೀಟರ್, ಅರ್ಧ ಲೀಟರ್ ಎನಾಮಲ್ ಸಾಕು. ತೆಳ್ಳಗಾಗಿಸಲು ಟರ್ಪೆಂಟೈನನ್ನೇ ಬಳಸಿ, ನೈಟ್ರೋಸೆಲ್ಯುಲೋಸ್ ಬಣ್ಣಕ್ಕೆ ಬಳಸುವ ಖಾರವಾದ ಎನ್.ಸಿ. ಥಿನ್ನರ್ ಹಾಕಿದರೆ ಹಳೆಯ ಪದರ ಸುಕ್ಕುಗಟ್ಟಿ ಏಳುತ್ತದೆ. ಬಿಸಿಲಲ್ಲಿರುವ ಡ್ರಮ್ಮಿಗೆ ಬಿಳಿ ಅಥವಾ ಅಲ್ಯೂಮಿನಿಯಂ ಬಣ್ಣವೇ ಸರಿ, ಕಡು ಬಣ್ಣ ಕಾವು ಹೀರುತ್ತದೆ. ಗಾಳಿ ಕೊಳವೆ, ಮುಚ್ಚಳದ ವಾಷರ್, ಅರ್ತಿಂಗ್ ತಂತಿ ಕಚ್ಚುವ ಜಾಗ, ಇವಕ್ಕೆ ಟೇಪ್ ಸುತ್ತಿ. ಗಾಳಿ ಕೊಳವೆ ಕಟ್ಟಿದರೆ ಡೀಸೆಲ್ ಎಳೆಯುವಾಗ ಒಳಗೆ ನಿರ್ವಾತವಾಗಿ ಜನರೇಟರ್ ತಿಣುಕುತ್ತದೆ.

ಆಯುಧಪೂಜೆಗೆ ಮುಂಚೆ ಬಳಿದುಬಿಡೋಣ ಎಂಬ ಆತುರ ಬೆಂಗಳೂರಿನಲ್ಲಿ ಎಲ್ಲರಿಗೂ ಇರುತ್ತದೆ, ಆದರೆ ಅಕ್ಟೋಬರಿನ ಮಳೆ ಬಿಡುವುದಿಲ್ಲ. ಜನವರಿ, ಫೆಬ್ರವರಿ ಒಳ್ಳೆಯದು. ಇಬ್ಬನಿ ಆರಿದ ಮೇಲೆ, ಹತ್ತು ಗಂಟೆಗೆ ಶುರುಮಾಡಿ. ಅಂದಹಾಗೆ, ಪೂಜೆಯ ದಿನ ಡ್ರಮ್ಮಿಗೆ ಕುಂಕುಮ ಹಚ್ಚಿ, ಹೂ ಮುಡಿಸಿ. ಕರ್ಪೂರ ಮಾತ್ರ ದೂರದಲ್ಲಿ.

ಇನ್ನು ಬರಹ. ಕರೆಂಟ್ ಹೋದ ಕತ್ತಲಲ್ಲಿ ಟಾರ್ಚ್ ಹಿಡಿದು ಬರುವವರಿಗೆ ಓದಲು ಬರಬೇಕು, ಹಾಗಾಗಿ ಅಕ್ಷರ ಕನಿಷ್ಠ 5 ಸೆಂಟಿಮೀಟರ್ ಎತ್ತರ ಇರಲಿ, ಬಿಳಿಯ ಮೇಲೆ ಕೆಂಪು. ಸ್ಟಿಕ್ಕರಿನ ಅಂಟು ಡೀಸೆಲ್ ತಾಗಿ ಬಿಡುತ್ತದೆ. ಹಳೆಯ ಎಕ್ಸ್‌ರೇ ಹಾಳೆಯಲ್ಲಿ ಅಕ್ಷರ ಕೊರೆದು ಸ್ಪಂಜಿನಿಂದ ಒತ್ತುವುದೇ ಉತ್ತಮ. ‘ಬೆಂಕಿ’ ಕೊರೆಯುವಾಗ ಸೊನ್ನೆಯ ಒಳಗಿನ ಚೂರು ಉದುರಿಹೋಗುತ್ತದೆ, ಅದನ್ನು ಹಿಡಿದಿಡಲು ಕಡ್ಡಿಯಷ್ಟು ಅಗಲದ ಸೇತುವೆ ಬಿಡಿ. ಸ್ಪಂಜಿನಲ್ಲಿ ಬಣ್ಣ ಹೆಚ್ಚಾದರೆ ಹಾಳೆಯಡಿ ನುಗ್ಗಿ ಅಂಚು ಕಲೆಸುತ್ತದೆ. ಮೊದಲು ಪೇಪರಿನ ಮೇಲೆ ಎರಡು ಸಲ ಒತ್ತಿ ತೆಗೆಯಿರಿ.

ಮೈಮೇಲೆ ‘ಡೀಸೆಲ್, 200 ಲೀಟರ್, ಬೆಂಕಿ ದೂರವಿಡಿ’ ಎಂದೂ ಬಾಯಿಯ ಪಕ್ಕ ‘ಡೀಸೆಲ್ ಮಾತ್ರ’ ಎಂದೂ ಇರಲಿ. ಅವಸರದಲ್ಲಿ ಪೆಟ್ರೋಲ್ ಸುರಿದರೆ ಇಡೀ ಡ್ರಮ್ ಕಿಡಿಗೇ ಹೊತ್ತಿಕೊಳ್ಳುವಂತಾಗುತ್ತದೆ. ಕಾವಲಿನವರಿಗೆ ಕನ್ನಡ ಬಾರದಿದ್ದರೆ ಅಡ್ಡಗೆರೆ ಎಳೆದ ಬೆಂಕಿಕಡ್ಡಿಯ ಚಿತ್ರವೂ ಬೇಕು. ನಿಂತ ಡ್ರಮ್ಮಿನಲ್ಲಿ 20 ಲೀಟರಿಗೆ ಸುಮಾರು 7.8 ಸೆಂಟಿಮೀಟರ್ ಏರುತ್ತದೆ. ಆ ಲೆಕ್ಕದಲ್ಲಿ ಅಳತೆಕೋಲಿಗೆ ಗೆರೆ ಹಾಕಿ, 190ರ ಗೆರೆ ಕೆಂಪಗಿರಲಿ. ಬಿಸಿಲಿಗೆ ಡೀಸೆಲ್ ಹಿಗ್ಗುವುದರಿಂದ ಅದರಾಚೆ ತುಂಬಬೇಡಿ.