ಎಂಒಡಿ ಪತ್ರದ ಒಂದು ಶಬ್ದ ತಿದ್ದಿಸಿದ ನನ್ನ ಅನುಭವ

2024ರ ಮಳೆಗಾಲದಲ್ಲಿ ಪಕ್ಕದ ಮನೆಯ ಕಾಕಾ ಒಂದು ಇಸಿ (ಆಸ್ತಿಯ ಮೇಲೆ ನೋಂದಣಿಯಾದ ಸಾಲ, ವ್ಯವಹಾರ ತೋರಿಸುವ ಋಣಭಾರ ಪ್ರಮಾಣಪತ್ರ) ಹಿಡಿದು ನಮ್ಮ ಮನೆಗೆ ಬಂದರು. "ತಂಗಿ, ನನ್ನ ಮನಿ ಮ್ಯಾಲೆ ನಿಮ್ಮ ಸಾಲದ ಬೋಜಾ ಕುಂತೈತಿ ನೋಡವಾ," ಅಂದರು. ಅವರು ಮನೆ ಮಾರಲು ಹೊರಟಿದ್ದರು. ಸಂಚಕಾರ ಕೂಡ ತಗೊಂಡಾಗಿತ್ತು. ಕೊಳ್ಳುವವರ ವಕೀಲರು ಇಸಿ ನೋಡಿ ವ್ಯವಹಾರ ನಿಲ್ಲಿಸಿದ್ದರು.

ನಮ್ಮ ಮನೆ ಇರುವುದು ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆ. ಒಂದೇ ಪ್ಲಾಟನ್ನು ಅರ್ಧರ್ಧ ಮಾಡಿ ಎರಡು ಮನೆ ಕಟ್ಟಿದ್ದಾರೆ. ಪೂರ್ವದ ಅರ್ಧ ನಮ್ಮದು, ಪಶ್ಚಿಮದ್ದು ಕಾಕಾ ಅವರದು. 2017ರಲ್ಲಿ ನಾನು, ನಮ್ಮನೆಯವರು ಸೇರಿ ಗೃಹಸಾಲ ತಗೊಂಡಾಗ ಬ್ಯಾಂಕು ಎಂಒಡಿ ನೋಂದಣಿ ಮಾಡಿಸಿತ್ತು. ಅಂದರೆ ಹಕ್ಕುಪತ್ರಗಳನ್ನು ಬ್ಯಾಂಕಿನಲ್ಲಿ ಒತ್ತೆ ಇಟ್ಟಿದ್ದೇವೆ ಅನ್ನುವ ಪತ್ರ. ಅದರಲ್ಲಿ ಪ್ಲಾಟಿನ "ಪೂರ್ವದ ಅರ್ಧ ಭಾಗ" ಎಂದಿರಬೇಕಾದ ಕಡೆ "ಪಶ್ಚಿಮದ ಅರ್ಧ ಭಾಗ" ಎಂದು ಟೈಪ್ ಆಗಿತ್ತು. ಅವತ್ತು ನಾನು ಹೆಸರು, ಸಾಲದ ಮೊತ್ತ ಇಷ್ಟೇ ನೋಡಿ ಸಹಿ ಮಾಡಿದ್ದೆ. ಆಸ್ತಿಯ ವಿವರ ಇರುವ ಷೆಡ್ಯೂಲ್ ಓದಿರಲಿಲ್ಲ. ಏಳು ವರ್ಷ ಆ ತಪ್ಪು ಹಾಗೇ ಉಳಿದಿತ್ತು.

ಕಾಕಾ ಹೋದ ಮೇಲೆ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ನಮ್ಮ ಇಸಿ, ಎಂಒಡಿಯ ಸರ್ಟಿಫೈಡ್ ಕಾಪಿ ಎರಡಕ್ಕೂ ಅರ್ಜಿ ಹಾಕಿದೆ. ಇಸಿ ನಮೂನೆ 15ರಲ್ಲಿ ಬಂತು. ವ್ಯವಹಾರಗಳು ಇದ್ದರೆ ಬರುವುದು ಅದೇ, ಏನೂ ಇಲ್ಲದಿದ್ದರೆ ನಮೂನೆ 16. ಎಂಒಡಿ ಪ್ರತಿ ಕೈಗೆ ಬಂದ ಮೇಲೆ ನಮ್ಮ ಖರೀದಿ ಪತ್ರದ ನಕಲನ್ನು ಪಕ್ಕದಲ್ಲಿಟ್ಟುಕೊಂಡು ಶಬ್ದ ಶಬ್ದ ತಾಳೆ ನೋಡಿದೆ. ಪ್ಲಾಟ್ ನಂಬರ್ ಸರಿ ಇತ್ತು, ಅಳತೆ ಸರಿ ಇತ್ತು. ಚಕ್ಕುಬಂದಿಯೂ ಸರಿ ಇತ್ತು: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇದೇ ಪ್ಲಾಟಿನ ಉಳಿದ ಅರ್ಧ. ತಪ್ಪಾಗಿದ್ದು ಆ ಒಂದು ಶಬ್ದ ಮಾತ್ರ.

ಚಕ್ಕುಬಂದಿ ಸರಿ ಇದ್ದದ್ದೇ ನಮ್ಮನ್ನು ಉಳಿಸಿತು ಎಂದು ಪರಿಚಯದ ವಕೀಲರು ಹೇಳಿದರು. ಇದು ಬರೆಯುವಾಗಿನ ತಪ್ಪು, ಆಸ್ತಿಯೇ ಬೇರೆಯಲ್ಲ ಎಂದು ಅದರಿಂದ ತೋರಿಸಬಹುದು. ಆಸ್ತಿಯೇ ಬದಲಾಗುವ ಹಾಗಿದ್ದರೆ ಹೊಸ ಅಡಮಾನಕ್ಕೆ ಕಟ್ಟುವಷ್ಟು ಸ್ಟಾಂಪ್ ಡ್ಯೂಟಿ ಕೇಳುವ ಸಾಧ್ಯತೆ ಇರುತ್ತದೆ. ಇನ್ನೊಂದು ಮಾತನ್ನೂ ಅವರು ಹೇಳಿದರು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 58ರ ಪ್ರಕಾರ ಈ ಬಗೆಯ ಅಡಮಾನ ಆಗುವುದೇ ಹಕ್ಕುಪತ್ರ ಒಪ್ಪಿಸುವುದರಿಂದ. ನಾವು ಬ್ಯಾಂಕಿಗೆ ಕೊಟ್ಟದ್ದು ನಮ್ಮ ಖರೀದಿ ಪತ್ರ. ಕಾಕಾ ಅವರ ಪತ್ರ ಅವರ ತಿಜೋರಿ ಬಿಟ್ಟು ಹೊರಗೇ ಬಂದಿಲ್ಲ. ವಾದ ಗಟ್ಟಿಯಾಗಿತ್ತು. ಆದರೆ ಕೊಳ್ಳುವವರಿಗೆ ವಾದ ಬೇಡ, ಕಾಗದ ಬೇಕು, ಅಲ್ವಾ?

ಬ್ಯಾಂಕಿನಲ್ಲಿ ಮೊದಲು ಸಿಕ್ಕ ಉತ್ತರ, "ಸಾಲ ತೀರಿದ ಮ್ಯಾಲೆ ಹೆಂಗೂ ಬೋಜಾ ತಗೀತೇವಲ್ರೀ ಮೇಡಂ, ಆವಾಗ ನೋಡೋಣ್ರಿ." ನನಗೆ ಸಿಟ್ಟು ಬಂತು. ನಮ್ಮ ಕಂತು ಮುಗಿಯಲು ಇನ್ನೂ ವರ್ಷಗಳಿವೆ. ಅಲ್ಲಿತನಕ ಕಾಕಾ ಕಾಯಬೇಕಾ? ನಾನು ಲಿಖಿತ ಅರ್ಜಿ ಕೊಟ್ಟು, ನನ್ನ ಪ್ರತಿಯ ಮೇಲೆ ತಾರೀಕಿನ ಸಮೇತ ಸೀಲು ಹಾಕಿಸಿಕೊಂಡೆ. ಎರಡು ಕೇಳಿದ್ದೆ. ಒಂದು, ತಿದ್ದುಪಡಿ ಪತ್ರ. ಇನ್ನೊಂದು, ಅದು ಆಗುವತನಕ "ಪಶ್ಚಿಮದ ಅರ್ಧದ ಮೇಲೆ ಬ್ಯಾಂಕಿಗೆ ಯಾವ ಹಕ್ಕೂ ಇಲ್ಲ" ಎನ್ನುವ ಪತ್ರ. ಆ ಪತ್ರ ಹದಿನೈದು ದಿನದಲ್ಲಿ ಸಿಕ್ಕಿತು. ಅದನ್ನು ನೋಡಿದ ಮೇಲೆ ಕೊಳ್ಳುವವರು ಕಾಯಲು ಒಪ್ಪಿದರು. ನನ್ನ ಕೇಳಿದರೆ ಇಡೀ ಕೆಲಸದಲ್ಲಿ ಜಾಸ್ತಿ ಉಪಯೋಗಕ್ಕೆ ಬಂದದ್ದು ಆ ಒಂದು ಹಾಳೆ.

ತಿದ್ದುಪಡಿ ಪತ್ರದ ಕರಡು ಧಾರವಾಡದಲ್ಲಿರುವ ಬ್ಯಾಂಕಿನ ವಕೀಲರು ಬರೆದರು. ಅದಕ್ಕಾಗಿ ಚಿಗರಿ ಬಸ್ಸಿನಲ್ಲಿ ನಾಲ್ಕು ಸಲ ಓಡಾಡಿದೆ. ಮೊದಲ ಕರಡಿನಲ್ಲಿ ಮೂಲ ಪತ್ರದ ತಾರೀಕು ಇತ್ತು, ನೋಂದಣಿ ಸಂಖ್ಯೆ ಇರಲಿಲ್ಲ. ಸಂಖ್ಯೆ, ವರ್ಷ ಎರಡೂ ಬರಲೇಬೇಕು ಎಂದು ಹಟ ಹಿಡಿದೆ. ತಪ್ಪು ಸಾಲು ಹೇಗಿತ್ತೋ ಹಾಗೇ ಬರೆದು, ಅದರ ಕೆಳಗೆ ಸರಿಯಾದ ಸಾಲು ಬರೆಸಿದೆವು. ಸಾಲದ ಮೊತ್ತ, ಉಳಿದ ಷರತ್ತು ಯಾವುದೂ ಬದಲಾಗಿಲ್ಲ, ಹೊಸದಾಗಿ ಹಣ ಪಡೆದಿಲ್ಲ ಎಂಬ ಮಾತನ್ನೂ ಸೇರಿಸಿದೆವು. ಇದು ಬಿಟ್ಟುಹೋದರೆ ಮುಂದೆ ಯಾರಾದರೂ ಎರಡನೇ ಸಾಲ ಎಂದು ತಿಳಿದುಕೊಳ್ಳಬಹುದು.

ಖರ್ಚಿನ ಮಾತು ಬಂದಾಗ ಸ್ವಲ್ಪ ಜಗ್ಗಾಡಬೇಕಾಯಿತು. ಕೊನೆಗೆ ವಕೀಲರ ಫೀ ಬ್ಯಾಂಕಿನದು, ಸರ್ಕಾರಿ ಶುಲ್ಕ ನಮ್ಮದು ಎಂದಾಯಿತು.

ಮುಂದಿನದು ಬೇಗ ಮುಗಿಯಿತು. ಪತ್ರವನ್ನು ಕಾವೇರಿಯಲ್ಲಿ ಅಪ್‌ಲೋಡ್ ಮಾಡಿ, ಶುಲ್ಕ ಕಟ್ಟಿ, ದಿನ ಗೊತ್ತು ಮಾಡಿಕೊಂಡೆವು. ಮೂಲ ಪತ್ರಕ್ಕೆ ಸಹಿ ಹಾಕಿದ್ದ ನಾವಿಬ್ಬರೂ ಹೋದೆವು. ಬ್ಯಾಂಕಿನ ಕಡೆಯಿಂದ ಅಧಿಕಾರಪತ್ರ ಇರುವ ಆಫೀಸರ್ ಬಂದರು. ಹೆಬ್ಬೆಟ್ಟು, ಫೋಟೋ ಆಗಿ ಮಧ್ಯಾಹ್ನ ಊಟದ ಹೊತ್ತಿಗೆ ಮನೆಗೆ ಬಂದೆವು.

ಆಮೇಲೆ ಇಸಿ ತೆಗೆದಾಗ ಕಾಕಾ ಗಾಬರಿಯಾದರು. ಹಳೆಯ ಸಾಲು ಹಾಗೇ ಇತ್ತು. ನೋಂದಣಿಯಾದ ಪತ್ರ ಇಸಿಯಿಂದ ಅಳಿಸಿ ಹೋಗುವುದಿಲ್ಲ. ತಿದ್ದುಪಡಿ ಪತ್ರ ಇನ್ನೊಂದು ನಮೂದಾಗಿ ಬರುತ್ತದೆ, ಎರಡನ್ನೂ ಕೂಡಿಸಿ ಓದಬೇಕು. ತಿದ್ದುಪಡಿ ಪತ್ರದ ಸರ್ಟಿಫೈಡ್ ಕಾಪಿ ಒಂದನ್ನು ಕಾಕಾ ಅವರಿಗೆ ತೆಗೆಸಿಕೊಟ್ಟೆ. ಕೊಳ್ಳುವವರ ವಕೀಲರು ಅದನ್ನು ಓದಿ ಒಪ್ಪಿದರು. ಖರೀದಿ ಪತ್ರದ ದಿನ ಕಾಕಾ ಕರೆದರು, ಸಾಕ್ಷಿಯಾಗಿ ಸಹಿ ಹಾಕಿ ಬಂದೆ.

ಸೆರ್ಸಾಯಿ (ಬ್ಯಾಂಕುಗಳು ತಮ್ಮಲ್ಲಿರುವ ಅಡಮಾನಗಳನ್ನು ದಾಖಲಿಸುವ ಕೇಂದ್ರ ನೋಂದಣಿ ವ್ಯವಸ್ಥೆ) ದಾಖಲೆಯಲ್ಲೂ ಅದೇ ತಪ್ಪು ಇತ್ತು. ಅದನ್ನು ಬ್ಯಾಂಕೇ ತಿದ್ದಬೇಕು. ತಿದ್ದಿದ್ದಕ್ಕೆ ಪ್ರತಿ ಕೇಳಿ ಇಸಿದುಕೊಂಡೆ.

ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ಪತ್ರಗಳನ್ನು ವಾಪಸ್ ಕೊಟ್ಟು, ನೋಂದಣಿಯಾದ ಬೋಜಾ ತೆಗೆಸಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ತಡ ಬ್ಯಾಂಕಿನದೇ ಆದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಆ ದಿನ ಬಂದಾಗ ಬೋಜಾ ಬಿಡುಗಡೆ ಪತ್ರದಲ್ಲಿ ಎಂಒಡಿ, ತಿದ್ದುಪಡಿ ಪತ್ರ ಎರಡರ ಸಂಖ್ಯೆಯೂ ಬರಬೇಕು. ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಫೈಲಿನ ಒಳಬದಿಗೆ ಅಂಟಿಸಿದ್ದೇನೆ.